‘ಲೈಟ್ ತೆಗೆಸಿದೆ’ ಅಂದರೆ ಏನು ಮಾಡಿದ ಹಾಗೆ? ಸೈಲೆನ್ಸರ್ ಸುತ್ತಲಿನ ಕೆಲವು ಪದಗಳು

ಗೆಳೆಯರೇ,

ದಾವಣಗೆರೆಯ ಪಿ.ಬಿ. ರಸ್ತೆ ಕಡೆ ನನ್ನ ಭಾಮೈದನ ಗ್ಯಾರೇಜ್ ಇದೆ. ಕಾರಿಗೆ ಬೇರೆ ಸೈಲೆನ್ಸರ್ ಹಾಕಿಸಿದ ಮೇಲೆ ಮೀಟರ್ ಬೋರ್ಡಿನಲ್ಲಿ ಹಳದಿ ಇಂಜಿನ್ ಲೈಟ್ ಬಂತು ಅಂತ ಅಲ್ಲಿಗೆ ಆಗಾಗ ಜನ ಬರುತ್ತಾರೆ. ‘ಇವರ ಕೈಗೆ ಕೊಡೋಕೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ ಭಾವ’ ಅಂದ. ವಿಷಯ ಅವನದು, ಮಾತು ನನ್ನದು. ಬರೆಯಲು ಕೂತರೆ ಕೆಲವು ಪದಗಳು ಕಾಲಿಗೆ ತೊಡರಿಕೊಂಡವು. ನಿಘಂಟಿನ ಪದ ನನ್ನ ಹತ್ತಿರವೂ ಇದೆ, ಅದು ಬೇಡ. ಓದಿದವರಿಗೆ ಈಗ ಏನು ಮಾಡಬೇಕು ಅಂತ ತಿಳಿಯುವ ಪದ ಬೇಕು.

ಮೊದಲನೆಯದು ಸೈಲೆನ್ಸರ್. ನಮ್ಮ ಕಡೆ ಇಂಜಿನ್‌ನಿಂದ ಹಿಂದಿನ ಬಂಪರ್ ತನಕ ಹೊಗೆ ಹೋಗುವ ದಾರಿಯೆಲ್ಲ ಸೈಲೆನ್ಸರೇ. ಆ ದಾರಿಯಲ್ಲಿ ಮೊದಲು ಇಂಜಿನ್ನಿಗೆ ಅಂಟಿಕೊಂಡ ಮ್ಯಾನಿಫೋಲ್ಡ್, ಆಮೇಲೆ ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅದರ ಹಿಂದೊಂದು ಮುಂದೊಂದು ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಗಾಡಿಯ ಕಂಪ್ಯೂಟರಿಗೆ ಹೇಳುವುದು ಇದೇ), ಕೊನೆಗೆ ಸದ್ದು ಅಡಗಿಸುವ ಡಬ್ಬ. ‘ಸೈಲೆನ್ಸರ್ ಚೇಂಜ್ ಮಾಡಿಸಿದೆ ಅಣ್ಣಾ’ ಅಂದರೆ ಇದರಲ್ಲಿ ಯಾವುದು ಬದಲಾಯಿತು? ಕೊನೆಯ ಡಬ್ಬ ಮಾತ್ರ ಆಗಿದ್ದರೆ ಲೈಟ್ ಬರಲು ಸಾಮಾನ್ಯವಾಗಿ ಕಾರಣವೇ ಇಲ್ಲ. ಎರಡೂ ಸೆನ್ಸರ್ ಅದಕ್ಕಿಂತ ಮುಂಚೆಯೇ ಬಂದುಬಿಟ್ಟಿರುತ್ತವೆ. ಕೆಲಸ ಮಾಡುವಾಗ ಸೆನ್ಸರ್ ವೈರ್ ಜಗ್ಗಿದೆಯಾ, ಬಿಸಿ ಪೈಪಿಗೆ ತಾಗಿ ಕರಗಿದೆಯಾ ಅಂತ ನೋಡಿದರೆ ಸಾಕು. ಮ್ಯಾನಿಫೋಲ್ಡಿನಿಂದಲೇ ಬದಲಾಗಿದ್ದರೆ ಕತೆ ಬೇರೆ. ಹಾಗಾಗಿ ಇಡೀ ದಾರಿಗೆ ಒಂದು ಪದ, ಡಬ್ಬಕ್ಕೆ ಒಂದು ಪದ ಬೇಕು. ದಾರಿಗೆ ‘ಹೊಗೆಕೊಳವೆ’ ಅಂತ ಬರೆದಿದ್ದೇನೆ. ಡಬ್ಬಕ್ಕೆ ಕಂಪನಿ ಪುಸ್ತಕದಲ್ಲಿ ಇರುವುದು ‘ಮಫ್ಲರ್’. ಆದರೆ ನಮ್ಮಲ್ಲಿ ಮಫ್ಲರ್ ಅಂದರೆ ಡಿಸೆಂಬರ್ ಚಳಿಗೆ ಹಿರಿಯರು ಕಿವಿಗೆ ಸುತ್ತಿಕೊಳ್ಳುವುದು, ಅಲ್ವಾ?

ನಿಜವಾಗಿ ತಲೆ ಕೆಡಿಸಿದ್ದು ‘ಲೀಕ್’. ಹೊಸ ಪೈಪ್ ಕೂರಿಸಿದಾಗ ಜಾಯಿಂಟಿನ ನಡುವಿನ ಗ್ಯಾಸ್ಕೆಟ್ ಸರಿ ಕೂರದಿದ್ದರೆ, ಪೈಪಿನ ಎರಡು ತುದಿ ಕೂಡಿಸುವ ಫ್ಲಾಂಜ್ ಬೋಲ್ಟ್ ಸಡಿಲ ಉಳಿದರೆ, ವೆಲ್ಡಿಂಗಿನಲ್ಲಿ ಸೂಜಿಯಷ್ಟು ತೂತು ಬಿಟ್ಟಿದ್ದರೆ ಲೀಕ್. ನಾನು ‘ಸೋರಿಕೆ’ ಅಂತ ಬರೆದಿದ್ದೆ. ಓದಿದ ಒಬ್ಬರು, ‘ಹೊಗೆ ಸೋರಿದರೆ ಹೊರಗೆ ತಾನೇ ಹೋಗೋದು, ಹೇಗೂ ಹೊರಗೆ ಹೋಗೋ ಹೊಗೆ, ಅದಕ್ಕೆ ಯಾಕೆ ಲೈಟು?’ ಅಂದರು. ಪ್ರಶ್ನೆ ಸರಿಯಾಗಿಯೇ ಇದೆ. ಹೊಗೆ ಪೈಪಿನಲ್ಲಿ ಒಂದೇ ಸಮ ಹರಿಯುವುದಿಲ್ಲ. ಇಂಜಿನ್‌ನ ವಾಲ್ವ್ ತೆರೆದಾಗ ಒಂದು ದಬ್ಬು, ಆಮೇಲೆ ಕ್ಷಣ ಬಿಡುವು. ಆ ಬಿಡುವಿನಲ್ಲಿ ಪೈಪಿನ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ ಆಗಬಹುದು. ಆಗ ಅದೇ ತೂತಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ತೂತು ಸೆನ್ಸರಿನ ಮುಂಚೆ ಇದ್ದರೆ, ಸೆನ್ಸರಿಗೆ ಇಂಜಿನ್ ಸುಡದೆ ಬಿಟ್ಟ ಆಮ್ಲಜನಕದ ಜೊತೆ ಈ ಬೀದಿ ಗಾಳಿಯ ಆಮ್ಲಜನಕವೂ ಕಾಣುತ್ತದೆ. ತೊಂದರೆ ಕೊಡುವುದು ಹೊರಗೆ ಹೋದ ಹೊಗೆ ಅಲ್ಲ, ಒಳಗೆ ಬಂದ ಗಾಳಿ.

‘ಸೋರು’ ಇದನ್ನು ಹೇಳುವುದಿಲ್ಲ. ಮಾಳಿಗೆ ಸೋರಿದರೆ ನೀರು ಮನೆ ಒಳಗೇ ಬರುತ್ತದಲ್ಲ ಅಂತ ಯಾರಾದರೂ ತಕರಾರು ತೆಗೆಯಬಹುದು. ನಿಜ. ಆದರೆ ಅಲ್ಲೂ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಎಳೆದುಕೊಳ್ಳುವ ಅರ್ಥ ಸೋರುವುದರಲ್ಲಿ ಇಲ್ಲ. ಇದಕ್ಕೆ ಒಳ್ಳೆಯ ಮಾತು ಹೊಲದಲ್ಲಿದೆ. ಭದ್ರಾ ನಾಲೆ ಬದಿಯ ಪಂಪ್‌ಸೆಟ್ಟಿನಲ್ಲಿ ಸಕ್ಷನ್ ಪೈಪಿನ ವಾಷರ್ ಹೋದರೆ ರೈತರು ‘ಪೈಪ್ ಸೋರುತ್ತಿದೆ’ ಅನ್ನುವುದಿಲ್ಲ, ‘ಏರ್ ಎಳೀತಿದೆ’ ಅನ್ನುತ್ತಾರೆ. ಕಾರಿನ ಪೈಪಿಗೂ ಇದೇ ಸರಿ. ‘ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆ’ ಅಂತ ಬರೆದರೆ ಹರಿಹರ, ಚನ್ನಗಿರಿ ಕಡೆಯಿಂದ ಬರುವವರಿಗೆ ವಿವರಿಸುವುದೇ ಬೇಡ. ಎಲ್ಲಿ ಅಂತ ಹುಡುಕುವುದೂ ಸುಲಭ. ಜಾಯಿಂಟಿನ ಸುತ್ತ ಕಪ್ಪು ಮಸಿ ಕೂತಿರುತ್ತದೆ. ತಣ್ಣಗಿರುವ ಇಂಜಿನ್ ಶುರು ಮಾಡಿದಾಗ ಟಿಕ್ ಟಿಕ್ ಅಂತ ಸದ್ದು ಬಂದು, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಕಮ್ಮಿ ಆಗುತ್ತದೆ. ಪೈಪ್ ಬಿಸಿಯಾಗುವ ಮುಂಚೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಆದರೆ ಬೆಂಗಳೂರಿನಲ್ಲೇ ಬೆಳೆದು, ಪಂಪ್‌ಸೆಟ್ ನೋಡದವರಿಗೆ ‘ಗಾಳಿ ಎಳೆಯುತ್ತಿದೆ’ ಹೊಳೆಯುತ್ತದಾ? ಇದು ನನ್ನ ಮೊದಲ ಪ್ರಶ್ನೆ.

ಇದರ ಬೆನ್ನಿಗೇ ‘ಲೀನ್’ ಮತ್ತು ‘ರಿಚ್’. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಪಿ0171 ಅಂತ ದೋಷದ ಕೋಡ್ ಬರಬಹುದು. ಅದರ ಅರ್ಥ ಮಿಶ್ರಣ ಲೀನ್, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ರಿಚ್ ಅದರ ಉಲ್ಟಾ. ‘ತೆಳು ಮಿಶ್ರಣ’, ‘ಗಟ್ಟಿ ಮಿಶ್ರಣ’ ಅಂತ ಮಾಡಿದವರಿದ್ದಾರೆ. ನನಗೆ ಇಷ್ಟವಿಲ್ಲ. ತೆಳು ಅಂದರೆ ನಮಗೆ ನೀರು ಬೆರೆಸಿದ್ದು ಅನ್ನಿಸುತ್ತದೆ, ಪೆಟ್ರೋಲ್ ಬಂಕಿನವರ ಮೇಲೆ ಅನುಮಾನ ಹೋಗುತ್ತದೆ. ‘ಗಾಳಿ ಜಾಸ್ತಿ’, ‘ಪೆಟ್ರೋಲ್ ಜಾಸ್ತಿ’ ಅಂತಲೇ ಬರೆದರೆ ಆಯಿತು. ಆದರೂ ಒಂದು ಗಂಟು ಉಳಿಯುತ್ತದೆ. ಗಾಳಿ ಎಳೆಯುವ ಗಾಡಿಯಲ್ಲಿ ಕಂಪ್ಯೂಟರ್ ‘ಗಾಳಿ ಜಾಸ್ತಿ’ ಅಂದುಕೊಂಡು ಪೆಟ್ರೋಲನ್ನು ಇನ್ನಷ್ಟು ಸುರಿಯುತ್ತದೆ. ಕೋಡ್ ಹೇಳುವುದು ಗಾಳಿ ಜಾಸ್ತಿ, ಇಂಜಿನ್ ಒಳಗೆ ಇರುವುದು ಪೆಟ್ರೋಲ್ ಜಾಸ್ತಿ. ಮೈಲೇಜ್ ಬೀಳುತ್ತದೆ, ಹಿಂದೆ ಪೆಟ್ರೋಲ್ ವಾಸನೆ. ಹಾಗಾಗಿ ‘ಗಾಳಿ ಜಾಸ್ತಿ ಆಗಿದೆ’ ಅಂತ ಬರೆದರೆ ಸುಳ್ಳಾಗುತ್ತದೆ. ‘ಜಾಸ್ತಿ ಅಂತ ಸೆನ್ಸರ್ ಹೇಳುತ್ತಿದೆ’ ಅನ್ನಬೇಕು. ಕನ್ನಡದ ‘ಅಂತೆ’ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ: ‘ಗಾಳಿ ಜಾಸ್ತಿಯಂತೆ’. ಹೇಳಿದ ಮಾತು, ಕಂಡ ಮಾತಲ್ಲ ಅಂತ ಎರಡೇ ಅಕ್ಷರದಲ್ಲಿ ಬಂತು. ಹಾಳೆಯಲ್ಲಿ ಹಾಗೆ ಬರೆದರೆ ತಮಾಷೆಯಾಗಿ ಕಾಣುತ್ತದಾ?

ಕ್ಯಾಟಲಿಟಿಕ್ ಕನ್ವರ್ಟರಿಗೆ ಬರೋಣ. ಸಣ್ಣ ಸಣ್ಣ ಕಿಂಡಿಗಳಿರುವ ಸೆರಾಮಿಕ್ ಗಟ್ಟಿ, ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್, ಸುಡದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್‌ಗಳನ್ನು ಅದು ಕಾರ್ಬನ್ ಡೈಆಕ್ಸೈಡ್, ನೀರಾವಿ, ನೈಟ್ರೋಜನ್ ಮಾಡಿ ಬಿಡುತ್ತದೆ. ಶಾಲೆಯಲ್ಲಿ ಕಲಿತ ಪದ ‘ವೇಗವರ್ಧಕ’. ರಸಾಯನಶಾಸ್ತ್ರಕ್ಕೆ ಸರಿ, ಕಾರಿಗೆ ಮಾತ್ರ ಬೇಡವೇ ಬೇಡ. ಗಾಡಿಯಲ್ಲಿ ವೇಗವರ್ಧಕ ಅಂದರೆ ಯಾರಿಗಾದರೂ ಆಕ್ಸಿಲರೇಟರ್ ಅನ್ನಿಸುತ್ತದೆ. ಹುಡುಗರು ಇದನ್ನು ಕಿತ್ತು ಹಾಕಿಸುವುದೇ ಗಾಡಿ ಇನ್ನೂ ಜೋರಾಗಿ ಓಡಲಿ ಅಂತ! ‘ಹೊಗೆಶೋಧಕ’ ಅನ್ನೋಣವೆಂದರೆ ಅದು ಸೋಸುವುದಿಲ್ಲ, ಬದಲಾಯಿಸುತ್ತದೆ. ‘ಕ್ಯಾಟ್’ ಅಂತಲೇ ಬಿಡೋಣ ಅನ್ನುತ್ತಾನೆ ಭಾಮೈದ. ನನಗೂ ಅದೇ ಸರಿ ಕಾಣುತ್ತದೆ. ಅದನ್ನು ತೆಗೆಸಿದ್ದರೆ ಬರುವ ಕೋಡ್ ಪಿ0420. ಹಳೆಯ ಮಾದರಿಯಲ್ಲಿ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಏರಿಳಿಯುತ್ತಿರುತ್ತದೆ, ಕ್ಯಾಟ್ ಚೆನ್ನಾಗಿದ್ದರೆ ಹಿಂದಿನದು ಹೆಚ್ಚು ಕಮ್ಮಿ ನೆಟ್ಟಗೆ ನಿಂತಿರುತ್ತದೆ. ಹಿಂದಿನದೂ ಮುಂದಿನದರ ಹಾಗೆ ಕುಣಿಯತೊಡಗಿದರೆ, ಕ್ಯಾಟ್ ಇಲ್ಲ ಅಥವಾ ಸತ್ತಿದೆ ಅಂತ ಕಂಪ್ಯೂಟರ್ ತೀರ್ಮಾನಿಸುತ್ತದೆ. ಹಿಂದಿನ ಸೆನ್ಸರಿಗೆ ಸ್ಪೇಸರ್ ಹಾಕಿ ಹೊಗೆಯಿಂದ ದೂರ ಎತ್ತುವವರೂ ಇದ್ದಾರೆ. ಅದಕ್ಕೆ ಪದ ಹುಡುಕಬೇಕಿಲ್ಲ, ‘ಟೋಪಿ ಹಾಕುವುದು’ ಅಂತ ಇದೆ.

ಲೈಟಿನ ಬಗ್ಗೆ. ‘ಎಚ್ಚರಿಕೆ ದೀಪ’ ಅಂತ ಸುಮ್ನೆ ಎಲ್ಲದಕ್ಕೂ ಬರೆಯುತ್ತಾರೆ. ಹಳದಿ ಲೈಟ್ ಹತ್ತಿ ಸುಮ್ಮನೆ ನಿಂತಿದ್ದರೆ, ಗಾಡಿ ಎಂದಿನಂತೆ ಓಡುತ್ತಿದ್ದರೆ, ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಅದೇ ಲೈಟ್ ಹತ್ತಿ ಆರಿ ಹತ್ತಿ ಆರಿ ಮಾಡಿದರೆ ಇಂಜಿನ್ ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಸುಡದ ಪೆಟ್ರೋಲ್ ಕ್ಯಾಟಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಸುಟ್ಟುಬಿಡಬಹುದು. ಗಾಡಿ ಬದಿಗೆ ಹಾಕಿ ನಿಲ್ಲಿಸಬೇಕು. ಈ ಎರಡನೆಯದಕ್ಕೆ ಒಂದು ಕಡೆ ‘ಮಿನುಗುತ್ತಿದ್ದರೆ’ ಅಂತ ನೋಡಿದೆ. ಮಿನುಗುವುದು ನಕ್ಷತ್ರ, ಮೂಗುತಿ. ಮಿನುಗುವುದನ್ನು ನೋಡಿ ಯಾರೂ ಬ್ರೇಕ್ ಒತ್ತುವುದಿಲ್ಲ. ‘ಮಿಟುಕು’ ಕಣ್ಣಿನದು. ‘ಹತ್ತಿ ಆರುತ್ತಿದ್ದರೆ’ ಅಂತ ಬರೆದಿದ್ದೇನೆ. ಚಿಕ್ಕದಾದ, ಸ್ವಲ್ಪ ಗಾಬರಿ ಹುಟ್ಟಿಸುವ ಕ್ರಿಯಾಪದ ಬೇಕು.

ಕೊನೆಗೆ ‘ತೆಗೆಸು’. ‘ಲೈಟ್ ತೆಗೆಸಿಕೊಂಡು ಬಂದೆ ಅಣ್ಣಾ’ ಅನ್ನುವ ಮಾತು ದಾವಣಗೆರೆಯಲ್ಲಿ ದಿನಾ ಕೇಳುತ್ತದೆ. ದೋಷ ಸರಿಮಾಡಿಸಿದರೂ ಲೈಟ್ ತೆಗೆಸಿದೆ, ಬ್ಯಾಟರಿ ವೈರ್ ಬಿಚ್ಚಿ ಹಾಕಿ ಕೋಡ್ ಅಳಿಸಿದರೂ ಲೈಟ್ ತೆಗೆಸಿದೆ. ಲೈಟೇ ಬರದಂತೆ ಕಂಪ್ಯೂಟರಿನ ಪ್ರೋಗ್ರಾಂ ತಿದ್ದಿಸಿದರೂ ಅದೇ ಮಾತು. ಮೆಕ್ಯಾನಿಕ್‌ಗೆ ಈ ಮೂರೂ ಬೇರೆ ಬೇರೆ. ಅಳಿಸಿದ್ದು ಮತ್ತೆ ಬರುತ್ತದೆ. ಇಂಥ ಬಹಳಷ್ಟು ದೋಷಗಳಿಗೆ, ಎರಡು ಸಲದ ಓಡಾಟದಲ್ಲಿ ಕಂಡ ಮೇಲೆಯೇ ಲೈಟ್ ಹತ್ತುವುದು, ಹಾಗಾಗಿ ಚಿತ್ರದುರ್ಗಕ್ಕೆ ಹೋಗಿ ಬರುವಷ್ಟು ಹೊತ್ತು ಖುಷಿ. ಮೊದಲನೆಯದಕ್ಕೆ ‘ಸರಿಮಾಡಿಸು’, ಎರಡನೆಯದಕ್ಕೆ ‘ಅಳಿಸು’ ಇಟ್ಟಿದ್ದೇನೆ. ಮೂರನೆಯದಕ್ಕೆ ‘ಬಾಯಿ ಮುಚ್ಚಿಸು’ ಅಂತ ಬರೆದೆ, ಭಾಮೈದ ನಕ್ಕು ಹೊಡೆದುಹಾಕಿದ. ‘ಆರಿಸು’ ಅನ್ನಬಹುದಿತ್ತು, ಆದರೆ ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು ಅಂತ ಹೇಳಿಸಿಕೊಂಡು ಬೆಳೆದ ಕೈ ಓಡಲಿಲ್ಲ. ಮೀಟರ್ ಬೋರ್ಡಿನ ಲೈಟಿಗೆ ಆ ಮಡಿ ಬೇಕಿಲ್ಲ, ಗೊತ್ತು.

ಹಾಳೆಯ ಬುಡದಲ್ಲಿ ಕಾನೂನಿನ ಒಂದು ಸಾಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ, 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಬೀಳಬಹುದು. ಅಲ್ಲಿ ‘ಮಾರ್ಪಾಡು’ ಅಂತ ಹಾಕಿದ್ದೇನೆ. ಗ್ಯಾರೇಜಿನಲ್ಲಿ ಎಲ್ಲರೂ ಹೇಳುವುದು ‘ಆಲ್ಟ್ರೇಷನ್’. ಅದನ್ನೇ ಇಡಲಾ?

ಹೊಸಪೇಟೆ, ಹುಬ್ಬಳ್ಳಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಗಾಳಿ ಎಳೆಯುವ ಜಾಯಿಂಟಿಗೂ, ಹತ್ತಿ ಆರುವ ಲೈಟಿಗೂ ಏನನ್ನುತ್ತಾರೆ, ಕೇಳಿದವರು ಇದ್ದ ಹಾಗೇ ಬರೆಯಿರಿ. ತಿದ್ದಿ ಶುದ್ಧ ಮಾಡಬೇಡಿ. ಹಾಳೆ ಇನ್ನೂ ಪ್ರಿಂಟಿಗೆ ಹೋಗಿಲ್ಲ.