ಟನೆಲಿಂಗ್‌ಗೆ ‘ಸುರಂಗ’ ಸಾಕಾ, ‘ಒಸರು’ ಅನ್ಬಹುದಾ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳ್ಕೊಡೋನು ನಾನು. 2025ರ ಭೌತಶಾಸ್ತ್ರದ ನೊಬೆಲ್ ಕ್ವಾಂಟಂ ಟನೆಲಿಂಗ್ (ಏರಿ ದಾಟುವಷ್ಟು ಶಕ್ತಿ ಇಲ್ದಿದ್ರೂ ಕಣ ತಡೆಯ ಆಚೆ ಸಿಗೋದು) ಕೆಲಸಕ್ಕೆ ಬಂತಲ್ಲ, ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಮೂವರಿಗೆ, ಆಗ್ಲಿಂದ ಮಕ್ಕಳು ಅದೆಂತ ಸಾರ್ ಅಂತ ಕೇಳ್ತಾನೇ ಇದ್ವು, ಸರಿ ನಾಲ್ಕು ಪುಟ ಕನ್ನಡದಲ್ಲೇ ಬರೆದುಕೊಡುವಾ ಅಂತ ಕೂತ್ರೆ ಮೊದಲ ಪದಕ್ಕೇ ಪೆನ್ನು ನಿಂತುಹೋಯ್ತು.

ರೂಢಿಯಲ್ಲಿರೋದು ‘ಸುರಂಗ’. ನಂಗೆ ಯಾಕೋ ಅದು ಹಿಡಿಸ್ಲಿಲ್ಲ. ನಮ್ಮ ಕಡೆ ಹುಡುಗರಿಗೆ ಸುರಂಗ ಅಂದ್ರೆ ವಾರಾಹಿ ಪ್ರಾಜೆಕ್ಟು, ಬಂಡೆ ಸಿಡಿಸಿ ತೂತು ಕೊರೆದದ್ದು. ಇಲ್ಲಿ ಯಾರೂ ಎಂತದೂ ಕೊರೆಯೂದಿಲ್ಲ, ಕಣ ಆಚೆ ಹೋದ ಮೇಲೂ ತಡೆ ಇದ್ದ ಹಾಗೇ ಇರ್ತದೆ. (‘ಸುರಂಗ’ವೂ ಗ್ರೀಕಿನ ಸಿರಿಂಕ್ಸ್‌ನಿಂದ ಸಂಸ್ಕೃತಕ್ಕೆ ಬಂದದ್ದು ಅಂತಾರೆ ಬಲ್ಲವರು, ಆದ್ರೆ ಅಚ್ಚಗನ್ನಡದ ಜಗಳ ನಂದಲ್ಲ ಮಾರಾಯ್ರೆ, ಅರ್ಥದ್ದು ಮಾತ್ರ.) ‘ನುಸುಳು’ ಅಂದ್ರೆ ದಣಪೆ (ಗಳುಗಳ ಗೇಟು) ಸಂದೀಲಿ ಕರು ತೂರಿದ ಹಾಗೆ, ಅದಕ್ಕೆ ಸಂದಿ ಬೇಕು, ಮೇಲಿಂದ ಗಡಿ ನುಸುಳುಕೋರರ ವಾಸನೆ ಬೇರೆ.

ಹೀಗೆ ತಲೆ ಕೆರ್ಕೊಳ್ತಾ ಇದ್ದಾಗ ಅಮ್ಮ ಒಳಗಿಂದ ‘ಹೂಜಿ ಒಸರ್ತಾ ಉಂಟು, ಕೆಳಗೆ ತಟ್ಟೆ ಇಡು’ ಅಂದ್ರು. ಒಸರು! ಹೂಜಿ ಒಡೆದಿಲ್ಲ, ಕಣ್ಣಿಗೆ ತೂತು ಕಾಣಲ್ಲ, ನೀರು ಮಾತ್ರ ಹೊರಗೆ. ತಕ್ಷಣ ಎದ್ದ ಆಕ್ಷೇಪ ಅಂದ್ರೆ ನೀರು ಚೂರುಚೂರೇ ಒಸರ್ತದೆ, ಕಣ ಹಾಗಲ್ಲ, ಹುಡುಕಿದ್ರೆ ಈಚೆಗೋ ಆಚೆಗೋ ಇಡಿಯಾಗೇ ಸಿಗೋದು. ಆದ್ರೆ ‘ಕಣ ಒಸರ್ತದೆ’ ಅನ್ನೋ ಬದಲು ‘ಕಣ ಆಚೆ ಸಿಗುವ ಸಂಭವ ಒಸರ್ತದೆ’ ಅಂದ್ರೆ ವಿಷಯ ಸರಿಯಾಗೇ ಕೂರ್ತದೆ, ಎರಡು ಹೊಂಡ (ಕಣ ನಿಲ್ಲೋ ಕಡಿಮೆ ಶಕ್ತಿಯ ಜಾಗ) ಮಧ್ಯ ಒಂದು ಒಡ್ಡು ಇದ್ದಾಗ ಆಗೋದು ಅದೇ, ಸಂಭವ ನಿಧಾನಕ್ಕೆ ಆ ಕಡೆ ತುಂಬ್ತದೆ. ಸಮಸ್ಯೆ ಅಂದ್ರೆ ಅದು ವಾಪಸ್ಸೂ ಬರ್ತದೆ! ಅಮೋನಿಯಾ ಅಣುವಲ್ಲಿ ನೈಟ್ರೋಜನ್ ಮೂರು ಹೈಡ್ರೋಜನ್‌ಗಳ ಆಚೆಗೂ ಈಚೆಗೂ ಹೀಗೇ ಓಡಾಡೋದು, ಸೆಕೆಂಡಿಗೆ ಸುಮಾರು 2400 ಕೋಟಿ ಸಲ. ಒಸರಿದ ನೀರು ಹೂಜಿಗೆ ತಿರುಗಿ ಬಂದದ್ದು ಯಾರು ಕಂಡಿದ್ದಾರೆ.

ಇನ್ನು ಎರಡನೇ ತೊಡಕು, ನಿಜ ಹೇಳ್ಬೇಕಂದ್ರೆ ಇದೇ ದೊಡ್ಡದು. ಈ ಒಸರೋದನ್ನ ಹೊರಗಿಂದ ಅಂಕೆಯಲ್ಲಿ ಇಡಬಹುದು. ವಿದ್ಯುತ್ ಕ್ಷೇತ್ರ ಒಂದನ್ನ ಹಿಂದೆಮುಂದೆ ತೂಗಿದ್ರೆ ಎರಡು ಹೊಂಡಗಳಲ್ಲಿ ಒಮ್ಮೆ ಇದು ಮೇಲೆ ಒಮ್ಮೆ ಅದು ಮೇಲೆ ಆಗ್ತದೆ. ಕೆಲವು ಕಡೆ ಇದರಿಂದ ದಾಟೋದು ಜಾಸ್ತಿಯಾಗ್ತದೆ, 1960ರ ದಶಕದ ಶುರುವಲ್ಲೇ ಸೂಪರ್‌ಕಂಡಕ್ಟರ್ (ತಣ್ಣಗಾದಾಗ ಕರೆಂಟಿಗೆ ಅಡ್ಡಿಯೇ ಇಲ್ಲದ ವಸ್ತು) ಪದರಗಳ ಮೇಲೆ ಮೈಕ್ರೋವೇವ್ ಬಿಟ್ಟು ಅದನ್ನ ನೋಡಿದ್ರು. ಆದ್ರೆ 1991ರಲ್ಲಿ ಗ್ರಾಸ್‌ಮನ್, ಡಿಟ್ರಿಚ್, ಯುಂಗ್, ಹ್ಯಾಂಗಿ ಲೆಕ್ಕ ಹಾಕಿ ತೋರಿಸಿದ್ದು ಉಲ್ಟಾ, ಸರಿಯಾದ ಅಳತೆಗೆ ತೂಗಿದ್ರೆ ದಾಟೋದೇ ನಿಂತುಹೋಗ್ತದೆ. ಬೇಗಬೇಗ ತೂಗುವಾಗ, ಹೊಂಡಗಳ ಶಕ್ತಿವ್ಯತ್ಯಾಸ ಎಷ್ಟು ಏರಿಳೀತದೋ ಅದನ್ನ ತೂಗುವ ಆವರ್ತನದ ಒಂದು ಕ್ವಾಂಟಂಗೆ (ಶಕ್ತಿಯ ಒಂದು ಪೊಟ್ಟಣಕ್ಕೆ) ಭಾಗಿಸಿದ್ರೆ 2.405 ಬರ್ಬೇಕು, ಅಲ್ಲಿ ಆಚೆಗೆ ಹೋಗೋ ಅಲೆಗಳು ಒಂದನ್ನೊಂದು ಅಳಿಸ್ಕೊಳ್ತವೆ. 2007ರಲ್ಲಿ ಇಟಲಿಯ ಪೀಸಾದಲ್ಲಿ ತಣ್ಣಗಿನ ರುಬಿಡಿಯಂ ಪರಮಾಣುಗಳನ್ನ ಬೆಳಕಿನ ಜಾಲರೀಲಿ ಕೂರಿಸಿ ಜಾಲರಿ ಅಲ್ಲಾಡಿಸಿ ಇದನ್ನ ಕಂಡೂ ಆಯ್ತು.

ಹೀಗೆ ಹೊರಗಿಂದ ತೂಗುವ ಕ್ಷೇತ್ರಾನ ಪುಸ್ತಕದ ಕನ್ನಡದಲ್ಲಿ ‘ಬಾಹ್ಯ ಆಂದೋಲನ ಕ್ಷೇತ್ರ’ ಅಂತ ಬರೆದೆ. ಶಿವಮೊಗ್ಗ ಜಿಲ್ಲೇಲಿ ಆ ಮಾತು ಯಾರಾದ್ರೂ ಓದಿದ್ರೆ ಕಾಗೋಡಿನ ರೈತ ಸತ್ಯಾಗ್ರಹ ನೆನಪಾಗ್ದೆ ಇರ್ತದಾ? ಆಂದೋಲನ ಅಂದ್ರೆ ಚಳವಳಿ, ಕ್ಷೇತ್ರ ಅಂದ್ರೆ ಚುನಾವಣೆದು ಇಲ್ಲಾ ಧರ್ಮಸ್ಥಳ. ಒಬ್ಬ ಹುಡುಗ ನಿಜವಾಗೂ ಕೇಳಿದ, ಸಾರ್ ಇದು ಇತಿಹಾಸದ ನೋಟ್ಸಾ ಅಂತ.

ಅದಕ್ಕೇ ಮೊದಲು ‘ಜೀಕು’ ಅಂತ ಇಟ್ಟೆ, ಉಯ್ಯಾಲೆ ಜೀಕಿದ ಹಾಗೆ. ಆಮೇಲೆ ಹೊಳೀತು, ಜೀಕೋದು ಉಯ್ಯಾಲೆ ಮೇಲೆ ಕೂತವನೇ. ಹೊರಗೆ ನಿಂತವರು ಮಾಡೋದು ತೂಗೋದು, ತೊಟ್ಟಿಲು ತೂಗಿದ ಹಾಗೆ, ಹದವಾಗಿ ತೂಗಿದಷ್ಟು ಹೊತ್ತೂ ಮಗು ಇದ್ದಲ್ಲೇ ಇರ್ತದೆ, ಕೈ ಬಿಟ್ರೆ ಎದ್ದು ಹೊರಡ್ತದೆ. 2.405ಕ್ಕೆ ಇದಕ್ಕಿಂತ ಒಳ್ಳೇ ಹೋಲಿಕೆ ನಂಗಂತೂ ಸಿಗ್ಲಿಲ್ಲ. ಆದ್ರೆ ‘ತೂಗುವ ಬಲ’ ಅಂತ ಬರೆದ್ರೆ ಅಡಿಕೆ ಮಂಡಿ ತಕ್ಕಡಿ ಅಂದ್ಕೊಂಡ್ರೆ ಎಂತ ಮಾಡೋದು?

ಹಾಗಾಗಿ ಕೇಳೋದು ಇಷ್ಟು. ಸಾಗರ, ಹೊಸನಗರ, ಶೃಂಗೇರಿ ಕಡೆ ‘ಒಸರು’ ನೀರು ಬಿಟ್ಟು ಬೇರೇದಕ್ಕೂ ಬಳಸ್ತಾರಾ, ಸೆಕೆ, ವಾಸನೆ, ಸುದ್ದಿ ಇಂಥದಕ್ಕೆ? ಒಸರಿ ಮತ್ತೆ ಹಿಂದಕ್ಕೆ ಇಂಗೋದಕ್ಕೆ ಒಂದೇ ಪದ ಯಾರ ಮನೇಲಾದ್ರೂ ಉಂಟಾ? ಅಜ್ಜ ಅಜ್ಜಿ ಹತ್ರ ಒಮ್ಮೆ ಕೇಳಿ ಹೇಳಿ, ನೋಟ್ಸ್ ಗುರುವಾರ ಜೆರಾಕ್ಸಿಗೆ ಕೊಡ್ಬೇಕು.