ಸಹಾಯ ಬೇಕು: ಧಾರವಾಡದಲ್ಲಿ ಎಲ್ಲರೂ ಬಳಸುವ ಇಮೇಜಿಂಗ್ ಕೇಂದ್ರ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಜೀವಕೋಶಗಳ ಮೇಲೆ ಕೆಲಸ ಮಾಡುವ ನಾವು ನಾಲ್ಕೈದು ವಿಭಾಗದವರು ಸೇರಿ ಒಂದು ಕಾನ್‌ಫೋಕಲ್ ಮೈಕ್ರೋಸ್ಕೋಪ್ (ಲೇಸರ್ ಬೆಳಕಿನಿಂದ ಜೀವಕೋಶದ ಒಳಗಿನ ಸ್ಪಷ್ಟ ಚಿತ್ರ ತೆಗೆಯುವ ಸೂಕ್ಷ್ಮದರ್ಶಕ) ತರಿಸಬೇಕು ಅಂತಿದ್ದೇವೆ.

ಈಗ ಸ್ಲೈಡುಗಳನ್ನು ಬೆಂಗಳೂರಿಗೇ ಒಯ್ಯಬೇಕು. ಹೋದ ತಿಂಗಳು ನನ್ನ ವಿದ್ಯಾರ್ಥಿನಿ ಐಸ್ ಪ್ಯಾಕ್ ತುಂಬಿದ ಥರ್ಮಾಕೋಲ್ ಡಬ್ಬಿಯನ್ನು ರಾತ್ರಿಯಿಡೀ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಹೋದಳು. ಅಲ್ಲಿ ನೋಡಿದರೆ ಜೀವಕೋಶಗಳಲ್ಲಿ ಗುರುತಿಗಾಗಿ ಇದ್ದ ಹಸಿರು ಹೊಳಪು ಅರ್ಧ ಮಾಸಿತ್ತು. ಎರಡು ತಿಂಗಳ ಕೆಲಸ. ಆಕೆಯ ಮುಖ ನೋಡೋಕಾಗಲಿಲ್ಲ.

ಗ್ರೌಂಡ್ ಫ್ಲೋರ್ ಕೋಣೆ, ಅಲುಗಾಟ ತಡೆಯುವ ಮೇಜು, ಎಸಿ, ಯುಪಿಎಸ್ ಬೇಕು ಅನ್ನೋದು ಗೊತ್ತಿದೆ. ಕಷ್ಟ ಇರೋದು ಆಮೇಲೆ. ಯಂತ್ರಕ್ಕೆ ಅನುದಾನ ಸಿಕ್ಕರೂ ಆಪರೇಟರ್ ಸಂಬಳ, ವರ್ಷವರ್ಷದ ಎಎಂಸಿ (ನಿರ್ವಹಣಾ ಒಪ್ಪಂದ) ದುಡ್ಡು ಎಲ್ಲಿಂದ? ಪೂರ್ತಿ ಹೊತ್ತಿನ ಆಪರೇಟರ್ ಇಲ್ಲದಿದ್ದರೆ ಯಂತ್ರ ತರುವುದೇ ಬೇಡ ಅನ್ನೋದು ನನ್ನ ಮಾತು. ಗೊತ್ತಿಲ್ಲದವರು ಲೆನ್ಸನ್ನು ಸ್ಲೈಡಿಗೆ ಒತ್ತಿಬಿಟ್ಟರೆ ಮುಗೀತು, ಅಲ್ವಾ?

ಇಂಥ ಕೇಂದ್ರ ನಡೆಸಿದವರು ದಯವಿಟ್ಟು ತಿಳಿಸಿ. ಗಂಟೆಗೆ ಎಷ್ಟು ಅಂತ ಹೇಗೆ ಗೊತ್ತು ಮಾಡಿದಿರಿ? ಹೊರಗಿನ ಕಾಲೇಜಿನವರಿಗೆ, ಹುಬ್ಬಳ್ಳಿಯ ಡಾಕ್ಟರುಗಳಿಗೆ ಬೇರೆ ದರ ಇಡಬೇಕಾ? ಐ-ಸ್ಟೆಮ್ (ಸಂಶೋಧನಾ ಉಪಕರಣಗಳನ್ನು ಹಂಚಿಕೊಂಡು ಬಳಸಲು ಇರುವ ರಾಷ್ಟ್ರೀಯ ಜಾಲತಾಣ) ಪೋರ್ಟಲ್‌ನಲ್ಲಿ ಬುಕಿಂಗ್ ಕೊಟ್ಟವರ ಅನುಭವ ಹೇಗಿದೆ? ನಿಮ್ಮ ದರಪಟ್ಟಿ, ಬಳಕೆಯ ನಿಯಮಗಳ ಪ್ರತಿ ಇದ್ದರೆ ಕಳಿಸಿ. ಈ ತಿಂಗಳ ಕೊನೆಗೆ ಪ್ರಸ್ತಾವನೆ ಕೊಡಬೇಕು.