ಚಿಕ್ಕ ಹೆಲಿಕಾಪ್ಟರ್ ತಾನಾಗಿ ಹಾರಬೇಕಾದರೆ ಸಿಮ್ಯುಲೇಟರ್ ಎಷ್ಟು ನಂಬಬಹುದು?

ಹೊಸ_ರೋಟರ್
ಒಂದೇ ಮುಖ್ಯ ರೋಟರ್ ಇರುವ ಚಿಕ್ಕ ಹೆಲಿಕಾಪ್ಟರ್‌ಗೆ (ನಾಲ್ಕು ರೋಟರ್ ಇರುವ ಕ್ವಾಡ್ ಡ್ರೋನ್ ಅಲ್ಲ) ಹೋವರ್ ಕಂಟ್ರೋಲರ್ (ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವ ಪ್ರೋಗ್ರಾಂ) ಬರೆಯುತ್ತಿದ್ದೇನೆ. ಸಿಮ್ಯುಲೇಟರ್‌ನಲ್ಲಿ ಮೊಳೆ ಹೊಡೆದ ಹಾಗೆ ನಿಲ್ಲುತ್ತದೆ. ನಿಜವಾದ ಯಂತ್ರಕ್ಕೆ ಹಾಕಲು ಮಾತ್ರ ಧೈರ್ಯ ಬರುತ್ತಿಲ್ಲ. ಸಂಶೋಧನೆ ಮಾಡುವವರು ಈ ಹಂತ ಹೇಗೆ ದಾಟುತ್ತಾರೆ?

ಬಾಲದ_ಫ್ಯಾನ್
ಸಿಮ್ಯುಲೇಟರ್‌ನ ಒಳಗಿನ ಮಾಡೆಲ್ (ಸ್ಟಿಕ್ ಹೀಗೆ ಆಡಿಸಿದರೆ ಯಂತ್ರ ಹೇಗೆ ಚಲಿಸುತ್ತದೆ ಅನ್ನೋ ಲೆಕ್ಕ) ಎಲ್ಲಿಂದ ಬಂತು ಅನ್ನೋದು ಮೊದಲ ಪ್ರಶ್ನೆ. ಎಐ ಸಂಶೋಧಕ ಆಂಡ್ರ್ಯೂ ಎನ್‌ಜಿ ಮತ್ತು ಜೊತೆಗಾರರು 2000ರ ದಶಕದ ಶುರುವಿನಲ್ಲಿ ಯಮಾಹಾ ಆರ್-50 ಎಂಬ ಪೈಲಟ್ ಕೂರದ ಹೆಲಿಕಾಪ್ಟರ್ ಮೇಲೆ ಕೆಲಸ ಮಾಡಿದಾಗ ಮೊದಲು ಮನುಷ್ಯ ಪೈಲಟ್ ಹಾರಿಸಿದ, ಆ ದಾಖಲೆಯಿಂದ ಮಾಡೆಲ್ ಕಲಿತರು, ಆಮೇಲೆ ಆ ಮಾಡೆಲ್‌ನೊಳಗೆ ಕಂಟ್ರೋಲರ್ ತಯಾರಾಯಿತು. ಅಂದರೆ ಸಿಮ್ಯುಲೇಟರೇ ನಿಜವಾದ ಹಾರಾಟದಿಂದ ಹುಟ್ಟಿದ್ದು. ಸುಮ್ನೆ ಪುಸ್ತಕದ ಸಮೀಕರಣ ಹಾಕಿದ್ದಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ. ಹೋವರ್‌ನಲ್ಲಿ ನಿಮ್ಮದು ಪೂರ್ತಿ ಸಮತಟ್ಟಾಗಿ ನಿಲ್ಲುತ್ತದೆಯಾ? ಹಾಗಿದ್ದರೆ ಏನೋ ತಪ್ಪಿದೆ. ಬಾಲದ ರೋಟರ್ ಮೈಯನ್ನು ತಿರುಗದಂತೆ ತಡೆಯುವಾಗ ಪಕ್ಕಕ್ಕೂ ತಳ್ಳುತ್ತದೆ, ಅದನ್ನು ಸರಿದೂಗಿಸಲು ಹೆಲಿಕಾಪ್ಟರ್ ಸ್ವಲ್ಪ ವಾಲಿಯೇ ನಿಲ್ಲಬೇಕು. ಮೇಲಿಂದ ನೋಡಿದಾಗ ಮುಖ್ಯ ರೋಟರ್ ಗಡಿಯಾರದ ದಿಕ್ಕಿಗೆ ತಿರುಗುವುದಾದರೆ ಬಲಕ್ಕೆ.

ಕಂಪನ_ಕಾಟ
ನನಗೆ ಜಾಸ್ತಿ ಭಯ ಏರೋಡೈನಮಿಕ್ಸ್ ಅಲ್ಲ, ಸೆನ್ಸರ್. ರೋಟರ್ 1500 ಆರ್‌ಪಿಎಂ ಅಂದುಕೊಳ್ಳಿ. ಸೆಕೆಂಡಿಗೆ 25 ಸುತ್ತು, ಎರಡು ಬ್ಲೇಡ್ ಅಂದರೆ 50 ಹರ್ಟ್ಜ್ ನಡುಕ. ಈಗ ಫಿಲ್ಟರ್ ಇಲ್ಲದೆ ಸೆನ್ಸರನ್ನು ಸೆಕೆಂಡಿಗೆ 49 ಸಲ ಓದಿದರೆ ಅದೇ ನಡುಕ ಸೆಕೆಂಡಿಗೊಮ್ಮೆ ನಿಧಾನವಾಗಿ ತೂಗುವ ಹಾಗೆ ಕಾಣುತ್ತದೆ, ಕಂಟ್ರೋಲರ್ ಪಾಪ ಅದನ್ನು ನಿಜ ಅಂತ ನಂಬಿ ಇಲ್ಲದ ತೂಗಾಟವನ್ನು ಸರಿಪಡಿಸಲು ಹೊರಡುತ್ತದೆ. ಫಿಲ್ಟರ್ ಹಾಕಿದರೆ ವಿಳಂಬ ಬರುತ್ತದೆ, ಸರ್ವೋ (ಬ್ಲೇಡ್ ಕೋನ ಬದಲಿಸುವ ಮೋಟಾರ್) ವಿಳಂಬ ಬೇರೆ. ಸಿಮ್ಯುಲೇಟರ್‌ನಲ್ಲಿ 20, 50, 100 ಮಿಲಿಸೆಕೆಂಡ್ ವಿಳಂಬ ಬೇಕಂತಲೇ ಸೇರಿಸಿ, ಎಲ್ಲಿ ಓಲಾಡಲು ಶುರು ಮಾಡುತ್ತದೆ ನೋಡಿ.

ಕೆಂಪು_ಧೂಳು
ಸಿಮ್ಯುಲೇಟರ್‌ಗೆ ಇಷ್ಟೊಂದು ಬೈಯಬೇಡಿ. ಮಂಗಳ ಗ್ರಹದಲ್ಲಿ ಹಾರಿದ ನಾಸಾದ ಚಿಕ್ಕ ಹೆಲಿಕಾಪ್ಟರ್ ಇಂಜೆನ್ಯುಯಿಟಿಯನ್ನು ಅಲ್ಲಿಗೆ ಹೋಗಿ ಮೊದಲೇ ಹಾರಿಸಿ ನೋಡಲು ಆಗುತ್ತಿತ್ತಾ? 1.8 ಕೆಜಿ ಯಂತ್ರ, 2021ರ ಏಪ್ರಿಲ್ 19ಕ್ಕೆ ಮೊದಲ ಹಾರಾಟ, ಒಟ್ಟು 72.

ಬಾಲದ_ಫ್ಯಾನ್
ಅವರೂ ಬರೀ ಸಿಮ್ಯುಲೇಶನ್ ನಂಬಿ ಕಳಿಸಲಿಲ್ಲ ಅಲ್ವಾ. ನಾಸಾದ ಪ್ರಯೋಗಾಲಯ ಜೆಪಿಎಲ್‌ನ ದೊಡ್ಡ ನಿರ್ವಾತ ಕೋಣೆಯಲ್ಲಿ ಮಂಗಳದಷ್ಟೇ ತೆಳುವಾದ ಗಾಳಿ ಇಟ್ಟು, ಮೇಲಿಂದ ದಾರದಲ್ಲಿ ಎಳೆದು ತೂಕ ಕಡಿಮೆ ಮಾಡಿ ಹಾರಿಸಿದ್ದರು. ಕೊನೆಗೆ ತೊಂದರೆ ಕೊಟ್ಟಿದ್ದು ಗುರುತೇ ಸಿಗದ ನುಣ್ಣನೆಯ ಮರಳು. ನೆಲದ ಗುರುತು ನೋಡಿ ದಾರಿ ಹಿಡಿಯುವ ಕ್ಯಾಮೆರಾ ದಾರಿ ತಪ್ಪಿತು.

ಹೊಸ_ರೋಟರ್
ಸರಿ, ದಾಖಲೆ ಬೇಕು. ಪೈಲಟ್ ಸುಮ್ನೆ ಹೋವರ್ ಮಾಡಿದರೆ ಸಾಕಾ?

ಕಂಪನ_ಕಾಟ
ಸಾಲದು. ಒಳ್ಳೆಯ ಪೈಲಟ್ ಸ್ಟಿಕ್ ಅಲ್ಲಾಡಿಸುವುದೇ ಕಡಿಮೆ, ಮಾಡೆಲ್ ಏನು ಕಲಿಯಬೇಕು? ಒಂದು ಸಲಕ್ಕೆ ಒಂದೇ ಸ್ಟಿಕ್ ದಿಕ್ಕನ್ನು ಮೊದಲು ನಿಧಾನವಾಗಿ, ಆಮೇಲೆ ವೇಗ ಹೆಚ್ಚಿಸುತ್ತಾ ಆಡಿಸಲು ಹೇಳಿ. ಕೆಲವು ನಿಮಿಷದ ದಾಖಲೆಯನ್ನು ಪಕ್ಕಕ್ಕಿಟ್ಟು ಅದರ ಮೇಲೆ ಮಾಡೆಲ್ ಪರೀಕ್ಷಿಸಿ. ಕಂಟ್ರೋಲರ್ ಮೊದಲ ಸಲ ಹಾರುವಾಗ ರಿಮೋಟ್ ಅದೇ ಪೈಲಟ್ ಕೈಯಲ್ಲಿರಲಿ, ಒಂದು ಸ್ವಿಚ್ ಒತ್ತಿದರೆ ಹತೋಟಿ ಪೂರ್ತಿ ಅವರಿಗೆ ಬರಬೇಕು.